ಉಸಿರಿಗೆ ತಕ್ಕ ಟರ್ಬೊ

ಬಾಗಲಕೋಟೆಯಿಂದ ಅಮೀನಗಡ, ಹುನಗುಂದ ದಾಟಿ ಇಳಕಲ್ಲಿನ ಕಡೆಗೆ ಹೊರಟವರಿಗೆ ದಾರಿಯುದ್ದಕ್ಕೂ ಎದುರಾಗುವ ವಾಹನ ಪಿಕಪ್. ಒಂದರಲ್ಲಿ ಉಳ್ಳಾಗಡ್ಡಿ ಚೀಲ, ಇನ್ನೊಂದರಲ್ಲಿ ಸೀರೆಯ ಗಂಟು, ಮತ್ತೊಂದರಲ್ಲಿ ಹೊಳಪು ಕೊಟ್ಟ ಗ್ರಾನೈಟ್ ಹಾಸುಗಲ್ಲು. ಈ ಸೀಮೆಯ ಎಷ್ಟೋ ಮನೆಗಳ ಒಲೆ ಉರಿಯುವುದೂ ಮಕ್ಕಳ ಕಾಲೇಜಿನ ಶುಲ್ಕ ಹೋಗುವುದೂ ಆ ನಾಲ್ಕು ಗಾಲಿಗಳ ಮೇಲೆಯೇ. ಹೀಗಿರುವಾಗ ಒಂದು ದಿನ ಗಾಡಿ ಏರು ಹತ್ತದೆ ಕರಿ ಹೊಗೆ ಕಾರತೊಡಗಿದರೆ ಅದು ಬರಿಯ ಗಾಡಿಯ ಚಿಂತೆಯಾಗಿ ಉಳಿಯುವುದಿಲ್ಲ.

ಅಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಂದೆ ಪಿಕಪ್ ಓಡಿಸುತ್ತಾನೆ, ಮಗ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಾನೆ. "ಗಾಡಿ ಎಳೀವಲ್ದು, ಟರ್ಬೊ ಹೋಗೇತಿ" ಎಂದು ಗ್ಯಾರೇಜಿನವನು ಹೇಳಿದ್ದಾನೆ. ಜೊತೆಗೆ ಒಂದು ಸಲಹೆಯನ್ನೂ ಕೊಟ್ಟಿದ್ದಾನೆ: ಹೇಗೂ ಬದಲಿಸುವುದಾದರೆ ದೊಡ್ಡ ಲಾರಿಯ ಹಳೆಯ ಟರ್ಬೊ ಕೂಡಿಸೋಣ, ಗಾಡಿ ಹುಲಿಯಂತೆ ಎಳೆಯುತ್ತದೆ. ತಂದೆಗೂ ಅದು ಹಿಡಿಸಿದೆ. ದೊಡ್ಡದೆಂದರೆ ಒಳ್ಳೆಯದೇ ಅಲ್ಲವೆ? ಆದರೆ ಕೈಯಲ್ಲಿರುವ ದುಡ್ಡು ಒಂದೇ ಸಲದ್ದು. ತಪ್ಪಿದರೆ ಮುಂದಿನ ಸೆಮಿಸ್ಟರಿನ ಶುಲ್ಕಕ್ಕೆ ಬೇರೆ ದಾರಿ ಹುಡುಕಬೇಕು.

ಇಲ್ಲಿ ಮಗನ ವಿದ್ಯೆ ಕೆಲಸಕ್ಕೆ ಬರಬೇಕು. ಟರ್ಬೊ ಎಂದರೆ ಒಂದೇ ಶಾಫ್ಟಿನ ಎರಡು ತುದಿಗೆ ಕೂಡಿಸಿದ ಎರಡು ಚಕ್ರ. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ. ಇನ್ನೊಂದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ವ್ಯರ್ಥವಾಗಿ ಹೋಗುವ ಹೊಗೆಯಿಂದಲೇ ದುಡಿಸಿಕೊಳ್ಳುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬೂಶಿ 1905ರಲ್ಲಿ ಪೇಟೆಂಟ್ ಪಡೆದ. ಅದು ಡೀಸೆಲ್ ಎಂಜಿನ್ನಿನ ಮೇಲೆ ಸರಿಯಾಗಿ ಫಲ ಕೊಟ್ಟದ್ದು 1925ರಲ್ಲಿ. ನಡುವೆ 20 ವರ್ಷ! ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆಯಾಯಿತೆಂದು ಮಕ್ಕಳ ಮೇಲೆ ಹರಿಹಾಯುವವರು ಈ ಲೆಕ್ಕವನ್ನೊಮ್ಮೆ ನೆನೆಯಬಹುದು.

ಟರ್ಬೊ ಆರಿಸುವುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಎಂಜಿನ್ನಿನ ಉಸಿರು ಎಷ್ಟು? ಇದಕ್ಕೆ ಬೇಕಾದದ್ದು ಗುಣಾಕಾರ, ಭಾಗಾಕಾರ ಅಷ್ಟೇ. ನಮ್ಮ ಕಡೆ ಕಾಣುವ ಬೊಲೆರೊ ಪಿಕಪ್ಪಿನ 2523 ಸಿ.ಸಿ. ಎಂಜಿನ್ನನ್ನೇ ತೆಗೆದುಕೊಳ್ಳಿ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಉಸಿರೆಳೆಯುತ್ತದೆ. ನಿಮಿಷಕ್ಕೆ 3200 ಸುತ್ತು ತಿರುಗಿದರೆ 1600 ಉಸಿರು, ಅಂದರೆ ಸುಮಾರು 4000 ಲೀಟರ್. ಸಿಲಿಂಡರು ಪೂರ್ತಿ ತುಂಬುವುದಿಲ್ಲವಾದ್ದರಿಂದ ನೂರಕ್ಕೆ 85ರಂತೆ ಹಿಡಿದರೆ 3400 ಲೀಟರ್.

ಆದರೆ ಡೀಸೆಲ್ ಉರಿಯಲು ಬೇಕಾದದ್ದು ಗಾಳಿಯ ಲೀಟರಲ್ಲ, ತೂಕ. 1 ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು; ಹೊಗೆಯಿಲ್ಲದೆ ಉರಿಯಲು ಇನ್ನೂ ಹೆಚ್ಚು. ಬಾಗಲಕೋಟೆ ಸಮುದ್ರಮಟ್ಟದಿಂದ ಸುಮಾರು 530 ಮೀಟರ್ ಮೇಲಿದೆ. ಬೇಸಿಗೆಯ 40 ಡಿಗ್ರಿಯಲ್ಲಿ ಇಲ್ಲಿನ 1000 ಲೀಟರ್ ಗಾಳಿಯ ತೂಕ 1.06 ಕಿಲೋ ಮಾತ್ರ. ಟರ್ಬೊ ಇಲ್ಲದಿದ್ದರೆ ಈ ಎಂಜಿನ್ನಿಗೆ ನಿಮಿಷಕ್ಕೆ ಸಿಗುವುದು 3.6 ಕಿಲೋ ಗಾಳಿ. ಟರ್ಬೊ 0.8 ಬಾರ್ ಹೆಚ್ಚಿನ ಒತ್ತಡ ಕೊಟ್ಟಿತೆಂದಿಟ್ಟುಕೊಳ್ಳಿ. ಒತ್ತಿದ ಗಾಳಿ ಕಾಯುತ್ತದೆ. ಸೈಕಲ್ ಪಂಪು ಹೊಡೆದವರಿಗೆಲ್ಲ ಇದು ಗೊತ್ತು. ಕಂಪ್ರೆಸರಿನ ದಕ್ಷತೆ ನೂರಕ್ಕೆ 70 ಎಂದು ಹಿಡಿದರೆ ಗಾಳಿ ಸುಮಾರು 125 ಡಿಗ್ರಿ ಮುಟ್ಟುತ್ತದೆ. ಆಗ ದಕ್ಕುವುದು 5.2 ಕಿಲೋ. ಅದೇ ಗಾಳಿಯನ್ನು ಇಂಟರ್‌ಕೂಲರಿನಲ್ಲಿ ಹಾಯಿಸಿ 60 ಡಿಗ್ರಿಗೆ ಇಳಿಸಿದರೆ 6.2 ಕಿಲೋ. ಬರಿಯ ತಂಪಿನಿಂದಲೇ ಒಂದು ಕಿಲೋ ಲಾಭ!

ಈ ಎರಡು ಅಂಕಿ, ಅಂದರೆ ನಿಮಿಷಕ್ಕೆ ಎಷ್ಟು ಕಿಲೋ ಗಾಳಿ ಮತ್ತು ಎಷ್ಟು ಪಟ್ಟು ಒತ್ತಡ, ಕೈಗೆ ಬಂದರೆ ಅರ್ಧ ಕೆಲಸ ಮುಗಿದಂತೆ. ತಯಾರಕರು ಪ್ರತಿ ಟರ್ಬೊ ಕಂಪ್ರೆಸರಿಗೂ ಒಂದು ನಕ್ಷೆ ಬರೆದಿರುತ್ತಾರೆ. ಅದರ ಎಡಗಡೆ ಒಂದು ಗಡಿ: ಅದನ್ನು ದಾಟಿದರೆ ಗಾಳಿ ಮುಂದೆ ಹೋಗದೆ ಹಿಂದಕ್ಕೆ ಗುದ್ದುತ್ತದೆ. ಬಲಗಡೆ ಇನ್ನೊಂದು ಗಡಿ: ಅದರಾಚೆ ಎಷ್ಟು ತಿರುಗಿದರೂ ಗಾಳಿ ಹೆಚ್ಚುವುದಿಲ್ಲ, ಬಿಸಿ ಮಾತ್ರ ಹೆಚ್ಚುತ್ತದೆ. ಎಂಜಿನ್ನಿನ ಉಸಿರು ಈ ಎರಡು ಗಡಿಗಳ ನಡುವೆ ಇರಬೇಕು. ಹೊಂದಿಸುವುದೆಂದರೆ ಇದೇ.

ಈಗ ಲಾರಿಯ ಟರ್ಬೊ ಕೂಡಿಸಿದರೆ ಏನಾದೀತು? ಬಾದಾಮಿಯ ಗುಡ್ಡದ ಬದಿಯ ಏರಿನಲ್ಲಿ ಭಾರ ಹೊತ್ತ ಪಿಕಪ್ 1500 ಸುತ್ತಿನಲ್ಲಿ ಏದುಸಿರು ಬಿಡುತ್ತಿರುತ್ತದೆ. ಆಗ ಹೊರಬೀಳುವ ಹೊಗೆ ಆ ದೊಡ್ಡ ಚಕ್ರವನ್ನು ತಿರುಗಿಸಲು ಸಾಲದು. ಗಾಳಿಯಿಲ್ಲ, ಡೀಸೆಲ್ ಮಾತ್ರ ಸುರಿಯುತ್ತಿದೆ; ಮತ್ತದೇ ಕರಿ ಹೊಗೆ. ಬಯಲಿಗೆ ಬಂದು ಸುತ್ತು ಏರಿದಾಗ ಬೇಡದ ಹೊತ್ತಿನಲ್ಲಿ ಒತ್ತಡ ಬರುತ್ತದೆ. ತೀರ ಸಣ್ಣದನ್ನು ಹಾಕಿದರೆ ಬೇರೆ ತೊಂದರೆ: ಏರಿನಲ್ಲಿ ಚುರುಕು, ಬಯಲಿನಲ್ಲಿ ಹೊಗೆಗೆ ದಾರಿ ಸಾಲದೆ ಎಂಜಿನ್ನಿನ ಕೊರಳು ಕಟ್ಟುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಎಂಜಿನ್ನಿಗೂ ಸಲ್ಲುತ್ತದೆ.

ಇಳಕಲ್ಲಿನ ನೇಕಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿಯ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಸೆರಗು ಚೆಂದವೆಂದು ಎಳೆ ಹೆಚ್ಚಿಸಿದರೆ ಆ ಎಳೆಗಳಿಗೆ ಒಡಲಿನಲ್ಲಿ ಜೊತೆ ಎಲ್ಲಿ?

ಟರ್ಬೊ ಬದಲಿಸುವ ಮುನ್ನ ಇನ್ನೂ ಒಂದು ವಿಚಾರವಿದೆ. ಹಳೆಯದು ನಿಜವಾಗಿ ಕೆಟ್ಟಿದೆಯೆ? ಗಾಳಿಯ ರಬ್ಬರ್ ಪೈಪು ಸೀಳಿದರೂ ಕ್ಲಿಪ್ಪು ಸಡಿಲಾದರೂ ಏರ್ ಫಿಲ್ಟರು ಕಟ್ಟಿಕೊಂಡರೂ ಗಾಡಿ ಹೀಗೆಯೇ ಎಳೆಯದೆ ನಿಲ್ಲುತ್ತದೆ. ಅವನ್ನೆಲ್ಲ ನೋಡಿದ ಮೇಲೆ ಚಕ್ರವನ್ನು ಬೆರಳಿನಿಂದ ಆಡಿಸಬೇಕು. ಅಕ್ಕಪಕ್ಕಕ್ಕೆ ತುಸು ಅಲುಗುವುದು ಸಹಜ. ಹಿಂದೆ ಮುಂದೆ ಅಲುಗಿದ್ದು ಕೈಗೆ ಗೊತ್ತಾದರೆ ಅಥವಾ ಅಲಗು ಗೋಡೆಗೆ ತಾಗಿದ್ದರೆ ಅದು ಮುಗಿಯಿತೆಂದೇ ಲೆಕ್ಕ.

ಮುಗಿದಿದ್ದರೆ, ಏಕೆ? ಸಣ್ಣ ಟರ್ಬೊದ ಶಾಫ್ಟು ನಿಮಿಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ಹೊತ್ತಿರುವುದು ತೆಳುವಾದ ಎಣ್ಣೆಯ ಪದರ. ಹೊಗೆಯ ಬಿಸಿ ಪೂರ್ಣ ಭಾರದಲ್ಲಿ 600ರಿಂದ 700 ಡಿಗ್ರಿ ಮುಟ್ಟಬಹುದು. ಓಡಿ ಬಂದ ಗಾಡಿಯನ್ನು ತಟ್ಟನೆ ಆರಿಸಿದರೆ ಒಳಗೆ ನಿಂತ ಎಣ್ಣೆ ಸುಟ್ಟು ಕರಿಕಾಗಿ ಸಣ್ಣ ಪೈಪನ್ನು ಮುಚ್ಚುತ್ತದೆ. ಆ ಪೈಪನ್ನು ಹಾಗೆಯೇ ಬಿಟ್ಟು ಹೊಸ ಟರ್ಬೊ ಕೂಡಿಸಿದರೆ ಅದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ. ಇನ್ನು ಕಲ್ಲುಗಣಿಯ ದೂಳು. ಹರಿದ ಫಿಲ್ಟರಿನಿಂದ ಒಳಹೊಕ್ಕ ಗ್ರಾನೈಟಿನ ಕಣ ಅಲಗಿನ ಅಂಚನ್ನು ಉಪ್ಪುಕಾಗದದಂತೆ ತಿಕ್ಕುತ್ತದೆ.

ಕಾನೂನಿನ ಮಾತೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು, ತಯಾರಕರು ಗೊತ್ತುಪಡಿಸಿದ್ದಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಅದೇ ನಮೂನೆಯ ಟರ್ಬೊ ಹಾಕುವುದು ದುರಸ್ತಿ; ಲಾರಿಯದನ್ನು ಹಾಕಿ ಡೀಸೆಲ್ ಹೆಚ್ಚಿಸುವುದು ಬೇರೆಯೇ ಮಾತು. ಪಿಸ್ಟನ್, ಕ್ಲಚ್, ಗೇರ್‌ಬಾಕ್ಸ್ ಯಾವುದೂ ಆ ಹೊರೆಗೆಂದು ಮಾಡಿದ್ದಲ್ಲ.

ಬಾಗಲಕೋಟೆಯಲ್ಲಿ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1963ರಲ್ಲಿ. ಅಂದಿನಿಂದ ಈ ನೆಲದ ಎಷ್ಟೋ ಮಕ್ಕಳು ಕಂಪ್ರೆಸರಿನ ಪಾಠ ಓದಿ ಪರೀಕ್ಷೆ ಬರೆದಿದ್ದಾರೆ. ಪಾಠ ಉತ್ತರಪತ್ರಿಕೆಯಲ್ಲೇ ಉಳಿದರೆ ಅಂಕ ಸಿಗುತ್ತದೆ. ಮನೆಯ ಗಾಡಿಯ ಬಾನೆಟ್ಟಿನ ಕೆಳಗೆ ಇಳಿದರೆ ಅನ್ನ ಉಳಿಯುತ್ತದೆ. ತಂದೆ ಮಗನನ್ನು ಕೇಳಬೇಕು, ಮಗ ಲೆಕ್ಕ ಹಾಕಿ ತೋರಿಸಬೇಕು, ಗ್ಯಾರೇಜಿನವನ ಅನುಭವ ಅದನ್ನು ಒರೆಗೆ ಹಚ್ಚಬೇಕು. ಮೂವರಲ್ಲಿ ಯಾರೂ ಹೆಚ್ಚಲ್ಲ.

ಕಡೆಗೆ ಅದೇ ನಮೂನೆಯ ಟರ್ಬೊ ತಂದರೆ, ಎಣ್ಣೆಯ ಪೈಪು ಮತ್ತು ಫಿಲ್ಟರು ಹೊಸದಾಗಿರಲಿ. ಕೂಡಿಸುವಾಗ ಎಣ್ಣೆಯ ಬಾಯಿಗೆ ಶುದ್ಧ ಎಣ್ಣೆ ಹನಿಸಿ ಚಕ್ರವನ್ನು ಕೈಯಿಂದ ತಿರುಗಿಸಿ. ಮೊದಲ ಸಲ ಎಂಜಿನ್ ಹತ್ತಿದಾಗ ಕೆಲವು ನಿಮಿಷ ರೇಸ್ ಕೊಡಬೇಡಿ. ಮುಂದೆ ದಿನವೂ ಭಾರ ಹೊತ್ತು ಬಂದ ಗಾಡಿಯನ್ನು ಆರಿಸುವ ಮುನ್ನ ಒಂದು ನಿಮಿಷ ಹಾಗೆಯೇ ಗುರುಗುಟ್ಟಲು ಬಿಡಿ.

ಆ ಒಂದು ನಿಮಿಷಕ್ಕೆ ಹೋಗುವ ಡೀಸೆಲ್ ಕೆಲವೇ ಹನಿ.