ಆರನೆಯ ಗೀರು

ನಮ್ಮ ಮನೆಯ ಅಡಿಗೆಯ ಕೋಣೆಯಲ್ಲಿ ಇಂಗು ಇರುವ ಡಬ್ಬಿ, ದೇವರ ಗೂಡಿನಲ್ಲಿ ಕುಂಕುಮ ಇರುವ ಡಬ್ಬಿ, ಪ್ರಯಾಣಕಾಲದಲ್ಲಿ ನನ್ನ ಕೈಚೀಲದಲ್ಲಿ ಲವಂಗ ಇರುವ ಡಬ್ಬಿ, ಈ ಮೂರೂ ಒಂದೇ ಕುಲದವು. ಕರಿಯ ಮೈ, ಬೂದು ಮುಚ್ಚಳದ ಈ ಪ್ಲಾಸ್ಟಿಕ್ ಭರಣಿಗಳಲ್ಲಿ ಒಂದು ಕಾಲಕ್ಕೆ ಫೋಟೋ ಫಿಲ್ಮು ಬರುತ್ತಿದ್ದಿತೆಂದರೆ ನನ್ನ ಮೊಮ್ಮಗಳು ನಂಬಲೊಲ್ಲಳು. ಭರಣಿಗಳು ಗೃಹಿಣಿಯ ಪಾಲಾದುವು. ಅವುಗಳೊಳಗಿದ್ದ ತಗಡಿನ ಸುರುಳಿಗೂಡುಗಳು ನನ್ನಂಥ ಲೋಭಿಯ ಪಾಲಾದುವು. ಅವನ್ನು ನಾವು ಕ್ಯಾಸೆಟ್ಟು ಎನ್ನುತ್ತಿದ್ದೆವು. ಹಾಡು ಕೇಳುವ ಕ್ಯಾಸೆಟ್ಟು ಬೇರೆ, ಇದು ಬೇರೆ. ಈಗ ಹೇಳಹೊರಟಿರುವುದು ಆ ಲೋಭದ ಕಥೆಯನ್ನೇ.

1970ರ ದಶಕದಲ್ಲಿ ನಾನು ತೀರ್ಥಹಳ್ಳಿಯ ಕಡೆ ಮೇಷ್ಟರಾಗಿದ್ದೆ. ಕೈಬದಲಾಗಿ ಬಂದ ಒಂದು ರಷ್ಯದ ಜೆನಿತ್ ಕ್ಯಾಮೆರಾ ನನ್ನಲ್ಲಿದ್ದಿತು. ಮೇಷ್ಟರ ಸಂಬಳಕ್ಕೂ ಫಿಲ್ಮಿನ ಬೆಲೆಗೂ ಎಂದೂ ಸರಿಹೊಂದಲಿಲ್ಲ. ಆದುದರಿಂದ ನಾನು ಪೂರ್ವ ಜರ್ಮನಿಯ ಓರ್ವೋ ಫಿಲ್ಮನ್ನು ಮೂವತ್ತು ಮೀಟರಿನ ಇಡಿಯ ಸುರುಳಿಯಾಗಿ ತರಿಸುತ್ತಿದ್ದೆ. ಒಂದು ಚಿತ್ರಕ್ಕೆ ಅಂಚಿನ ಎಂಟು ತೂತುಗಳಷ್ಟು, ಎಂದರೆ 38 ಮಿಲಿಮೀಟರು ಫಿಲ್ಮು ಬೇಕು. ಮೂವತ್ತಾರು ಚಿತ್ರಕ್ಕೆ ತಲೆಬಾಲಗಳೂ ಸೇರಿ ಸುಮಾರು 1.6 ಮೀಟರು. ಒಂದು ಸುರುಳಿಯಿಂದ ಹದಿನೆಂಟು ರೋಲು! ಅಂಗಡಿಯ ಬೆಲೆಗೆ ಹೋಲಿಸಿದರೆ ಧರ್ಮಕ್ಕೆ ಸಿಕ್ಕಂತೆಯೇ ಸರಿ. ಆದರೆ ಅದನ್ನು ತುಂಬಲು ಹದಿನೆಂಟು ಗೂಡುಗಳು ಬೇಡವೇ?

ಗೂಡುಗಳನ್ನು ಕೊಡುತ್ತಿದ್ದವರು ಪೇಟೆಯ ಸ್ಟುಡಿಯೋ ಯಜಮಾನರು. ತೊಳೆಯಲು ಬಂದ ಫಿಲ್ಮುಗಳ ಖಾಲಿ ಕ್ಯಾಸೆಟ್ಟುಗಳು ಅವರ ಕಸದ ಬುಟ್ಟಿಗೆ ಬೀಳುತ್ತಿದ್ದುವು. “ಮೇಷ್ಟ್ರೇ, ನಿಮ್ಮ ಪ್ರಸಾದ ತೆಗೆದಿಟ್ಟಿದ್ದೇನೆ” ಎಂದು ಅವರು ನಗುತ್ತ ಪೊಟ್ಟಣವನ್ನು ಮುಂದಕ್ಕೆ ತಳ್ಳುವರು. ನನಗೇನೂ ನಾಚಿಕೆಯಿರಲಿಲ್ಲ. 1925ರಲ್ಲಿ ಪೇಟೆಗೆ ಬಂದ ಲೈಕಾ ಕ್ಯಾಮೆರಾವನ್ನು ರೂಪಿಸಿದ ಆಸ್ಕರ್ ಬಾರ್ನಾಕ್ ಬಳಸಿದುದು ಸಿನಿಮಾದ ಫಿಲ್ಮನ್ನೇ. ಆಗಿನವರು ಅದನ್ನು ಕತ್ತಲಲ್ಲಿ ಕತ್ತರಿಸಿ ತಾವೇ ತುಂಬಿಕೊಳ್ಳುತ್ತಿದ್ದರು. ಒಮ್ಮೆ ಬಳಸಿ ಬಿಸಾಡುವುದಕ್ಕೆಂದೇ ತುಂಬಿಸಿದ ಗೂಡನ್ನು ಕೊಡಾಕ್ ಸಂಸ್ಥೆ ತಂದುದು 1934ರಲ್ಲಿ. ಬಿಸಾಡುವುದು ಹೊಸ ಪದ್ಧತಿ, ತುಂಬುವುದೇ ಸನಾತನ ಧರ್ಮ ಎಂದು ನಾನು ವಾದಿಸುತ್ತಿದ್ದೆ.

ತುಂಬುವ ಕೆಲಸ ನಡೆಯುತ್ತಿದ್ದುದು ರಾತ್ರಿ ಊಟವಾದ ಮೇಲೆ, ಬಚ್ಚಲ ಮನೆಯಲ್ಲಿ. ಬಾಗಿಲ ಸಂದಿಗೆ ಕಂಬಳಿ. ಒಲೆಯಲ್ಲಿ ಕೆಂಡವಿಲ್ಲವೆಂದು ಎರಡು ಸಲ ನೋಡಿ ದೀಪ ಆರಿಸುವುದು. ಬಾಗಿಲಿನ ದಾರಂದಕ್ಕೆ ಅಳತೆಗೆಂದು ಎರಡು ಮೊಳೆ ಹೊಡೆದಿದ್ದೆ. ಫಿಲ್ಮಿನ ಯಾವ ಮಗ್ಗುಲಿಗೆ ಮದ್ದು ಬಳಿದಿದೆಯೆಂದು ಸಂಶಯವಾದರೆ ತುದಿಯನ್ನು ಒದ್ದೆ ತುಟಿಗೆ ಮುಟ್ಟಿಸಬೇಕು. ಮದ್ದಿನ ಮಗ್ಗುಲು ಅಂಟುತ್ತದೆ. ಹೊರಗಿನಿಂದ ನನ್ನ ಹೆಂಡತಿ, “ಕತ್ತಲೆಯಲ್ಲಿ ಕುಳಿತು ತುಟಿ ಚಪ್ಪರಿಸುವ ವಿದ್ಯೆ ಯಾವುದು?” ಎಂದು ಕೇಳುತ್ತಿದ್ದಳು.

ಈ ಗೂಡಿನ ಜೀವವಿರುವುದು ಅದರ ಬಾಯಲ್ಲಿ. ಫಿಲ್ಮು ಹೊರಬರುವ ಸೀಳಿಗೆ ಎರಡು ಕಡೆಯೂ ಮಖಮಲ್ಲಿನ ಪಟ್ಟಿ ಅಂಟಿಸಿರುತ್ತಾರೆ. ಬೆಳಕು ಒಳಹೋಗದಂತೆ ತಡೆಯುವುದು ಅದು. ಧೂಳನ್ನು ಹಿಡಿದಿಟ್ಟುಕೊಳ್ಳುವುದೂ ಅದೇ. ಫಿಲ್ಮು ಅದರ ನಡುವೆ ಚಿತ್ರ ತೆಗೆಯುವಾಗ ಒಮ್ಮೆ, ಹಿಂದಕ್ಕೆ ಸುತ್ತುವಾಗ ಒಮ್ಮೆ ಹಾದುಹೋಗುತ್ತದೆ. ಪಟ್ಟಿಯಲ್ಲಿ ಒಂದು ಮರಳಿನ ಕಣ ಕುಳಿತಿದ್ದರೆ ಮೂವತ್ತಾರು ಚಿತ್ರಗಳಿಗೂ ಉದ್ದಕ್ಕೆ ಒಂದೇ ಗೆರೆ. ಅದಕ್ಕೆಂದೇ ನಾನು ಒಂದು ನಿಯಮ ಮಾಡಿಕೊಂಡಿದ್ದೆ: ತುಂಬಿದಾಗಲೆಲ್ಲ ತಗಡಿನ ಮೇಲೆ ಮೊಳೆಯಿಂದ ಒಂದು ಗೀರು, ಐದು ಗೀರಾದರೆ ಗೂಡಿಗೆ ನಿವೃತ್ತಿ.

ಆ ವರ್ಷ ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ ತುಂಗೆಯ ದಡದಲ್ಲಿ ಓಡಾಡುವಾಗ ಒಂದು ಗೂಡನ್ನು ಭರಣಿಗೆ ಹಾಕದೆ ಅಂಗಿಯ ಜೇಬಿಗೆ ಇಳಿಬಿಟ್ಟಿದ್ದೆ. ಅದರ ಮೇಲೆ ಐದು ಗೀರು ಆಗಲೇ ಇದ್ದುವು. 1979ರ ಬೇಸಗೆಯಲ್ಲಿ ತಂಗಿ ಮಗುವಿನೊಂದಿಗೆ ಮನೆಗೆ ಬಂದಾಗ ಕೈಗೆ ಸಿಕ್ಕಿದ್ದು ಅದೊಂದೇ. ಪೇಟೆಗೆ ಹೋಗಿ ಹೊಸ ರೋಲು ಕೊಳ್ಳಬಹುದಿತ್ತು. ಕೊಳ್ಳಲಿಲ್ಲ, ಆರನೆಯ ಗೀರು ಹಾಕಿದೆ.

ನಮ್ಮ ಅಪ್ಪಯ್ಯ ನಿವೃತ್ತ ಪೋಸ್ಟ್ ಮಾಸ್ಟರು. ಮನೆಗೆ ಬಂದ ಲಕೋಟೆಗಳನ್ನು ಬಿಡಿಸಿ, ಒಳಮೈ ಹೊರಗೆ ಮಾಡಿ ಅಂಟಿಸಿ ಮತ್ತೆ ಬಳಸುತ್ತಿದ್ದವರು. ನನ್ನ ಲೋಭ ಎಲ್ಲಿಂದ ಬಂದಿತೆಂದು ವಾಚಕರು ಇಷ್ಟರಲ್ಲಿ ಊಹಿಸಿರಬಹುದು. ಕ್ಯಾಮೆರಾ ಕಂಡರೆ ಅವರ ಮುಖ ಸರ್ಕಾರಿ ಸುತ್ತೋಲೆಯಂತಾಗುತ್ತಿತ್ತು. ಆ ದಿನ ಜಗಲಿಯಲ್ಲಿ ಲಕೋಟೆ ಅಂಟಿಸುತ್ತ ಕುಳಿತಿದ್ದಾಗ ಮಗು ಅವರ ಕನ್ನಡಕವನ್ನು ಕಿತ್ತು ತಾನು ಹಾಕಿಕೊಂಡಿತು. ಅಪ್ಪಯ್ಯ ನಕ್ಕರು. ಹಲ್ಲಿಲ್ಲದ ಬಾಯಿ ತೆರೆದು, ಕಣ್ಣು ಮುಚ್ಚಿಹೋಗುವಂತೆ ನಕ್ಕರು. ಗುಂಡಿ ಒತ್ತಿದೆ.

ಫಿಲ್ಮು ತೊಳೆದು ಬೆಳಕಿಗೆ ಹಿಡಿದಾಗ ನನ್ನ ಎದೆ ಧಸಕ್ಕೆಂದಿತು. ಮೊದಲಿಂದ ಕೊನೆಯವರೆಗೆ ಕೂದಲೆಳೆಯ ಗೆರೆ. ಬೆನ್ನಿನ ಮಗ್ಗುಲಿನ ಗೀರಾದರೆ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಮೂಗಿನ ಪಕ್ಕದ ಜಿಡ್ಡನ್ನು ಬೆರಳಿಂದ ತೆಗೆದು ಸವರಿದರೆ ತುಂಬಿಕೊಂಡು ಮಾಯವಾಗುತ್ತದೆ. ನಗಬೇಡಿ, ದೊಡ್ಡ ದೊಡ್ಡ ಛಾಯಾಗ್ರಾಹಕರು ಮಾಡುತ್ತಿದ್ದ ಉಪಾಯವಿದು. ನಾನೂ ಸವರಿದೆ. ಉಪಯೋಗವಾಗಲಿಲ್ಲ. ಮರಳು ಕೆರೆದಿದ್ದುದು ಮದ್ದಿನ ಮಗ್ಗುಲನ್ನು. ಅಲ್ಲಿ ಬೆಳಕು ತಡೆಯಿಲ್ಲದೆ ನುಗ್ಗಿ ಕಾಗದವನ್ನು ಕಪ್ಪಾಗಿಸುತ್ತದೆ. ಅಪ್ಪಯ್ಯನ ನಗುವಿನ ಮೇಲೆ, ಕೆನ್ನೆಯಿಂದ ಕೆನ್ನೆಗೆ, ಕರಿಯ ಗೆರೆಯೊಂದು ಹಾದಿತ್ತು.

ಅಳುಕುತ್ತ ಪ್ರಿಂಟನ್ನು ಅವರ ಕೈಗಿತ್ತೆ. ಬಹಳ ಹೊತ್ತು ನೋಡಿದರು. “ಮೊಹರು ಬಿದ್ದಾಯಿತಲ್ಲ ಮಾರಾಯ. ಇನ್ನು ಈ ಸ್ಟಾಂಪು ಬೇರೆ ಕಾಗದಕ್ಕೆ ನಡೆಯುವುದಿಲ್ಲ” ಎಂದು ಹಿಂದಕ್ಕೆ ಕೊಟ್ಟರು.

1984ರಲ್ಲಿ ಅವರು ತೀರಿಕೊಂಡರು. ಗೋಡೆಗೆ ದೊಡ್ಡ ಪಟ ಬೇಕಾಯಿತು, ನಗುತ್ತಿದ್ದುದು ಅದೊಂದೇ. ಸ್ಟುಡಿಯೋದಲ್ಲಿ ನುರಿತವರೊಬ್ಬರು ಸಣ್ಣ ಕುಂಚ ಹಿಡಿದು ಎರಡು ದಿನ ದುಡಿದು ಗೆರೆಯನ್ನು ಅಳಿಸಿದರು. ಗೆರೆಯೊಡನೆ ಬಾಯ ಪಕ್ಕದ ಮಡಿಕೆಗಳೂ ಅಳಿದುವು. ಅಮ್ಮ ಪಟವನ್ನು ಕಿಟಕಿಯ ಬೆಳಕಿಗೆ ಹಿಡಿದು, “ಯಾರಿವರು?” ಎಂದು ಕೇಳಿದಳು. ಗೆರೆಯಿದ್ದ ಪ್ರತಿಯನ್ನೇ ಕಟ್ಟು ಹಾಕಿಸಿ ತೂಗುಹಾಕಿದೆವು.

ಈಚೆಗೆ ನನ್ನ ಮಗ ಆ ನೆಗೆಟಿವನ್ನು ಕಂಪ್ಯೂಟರಿಗೆ ಹಾಕಿ ಅರ್ಧ ಗಳಿಗೆಯಲ್ಲಿ ಗೆರೆಯನ್ನು ತೆಗೆದ. ಮಡಿಕೆಯೊಂದೂ ಕೆಟ್ಟಿರಲಿಲ್ಲ, ಬಹಳ ಚೆನ್ನಾಗಿತ್ತು. ಅದನ್ನು ಕಪಾಟಿನಲ್ಲಿ ಇಟ್ಟಿದ್ದೇನೆ. ಅಮ್ಮ ತೂಗುಹಾಕಿಸಿದುದನ್ನು ಇಳಿಸುವ ಅಧಿಕಾರ ನನಗಿಲ್ಲ.

ಹೋದ ತಿಂಗಳು ನಮ್ಮ ಬೀದಿಯ ಹುಡುಗನೊಬ್ಬ ಬಂದಿದ್ದ. ಫಿಲ್ಮಿನ ಹುಚ್ಚು ಈಗಿನ ಕೆಲವು ಹುಡುಗರಿಗೆ ಮತ್ತೆ ಹಿಡಿದಿದೆ. ಈಗಿನ ಗೂಡುಗಳ ಮುಚ್ಚಳ ನಮ್ಮ ಕಾಲದಂತೆ ಮೇಜಿಗೆ ಕುಟ್ಟಿದರೆ ಕಳಚುವುದಿಲ್ಲವಂತೆ. ಹಳೆಯ ಫಿಲ್ಮಿನ ತುದಿಯನ್ನು ಎರಡು ಬೆರಳಷ್ಟು ಹೊರಗೆ ಬಿಟ್ಟು ಕತ್ತರಿಸಿ, ಹೊಸದನ್ನು ಅದಕ್ಕೆ ಟೇಪಿನಿಂದ ಅಂಟಿಸಿ ಒಳಗೆ ಸುತ್ತುತ್ತಾನಂತೆ. ಬುದ್ಧಿವಂತ. ನನ್ನ ಡಬ್ಬದಲ್ಲಿದ್ದ ಹಳೆಯ ಗೂಡುಗಳನ್ನೆಲ್ಲ ಅವನ ಚೀಲಕ್ಕೆ ಸುರಿದೆ, ಒಂದನ್ನು ಬಿಟ್ಟು.

“ತಾತ, ಒಂದನ್ನು ಎಷ್ಟು ಸಲ ತುಂಬಬಹುದು?” ಎಂದು ಕೇಳಿದ.

“ಐದು ಸಲ” ಎಂದೆ.

“ಆರನೆಯ ಸಲ?”

ಗೋಡೆಯ ಕಡೆ ಕೈ ತೋರಿಸಿದೆ. ಹುಡುಗ ಹತ್ತಿರ ಹೋಗಿ ನೋಡಿ, “ತಾತ, ಇವರು ಎಷ್ಟು ಚೆನ್ನಾಗಿ ನಗುತ್ತಿದ್ದಾರೆ!” ಎಂದ.