ತಾತ ಕೂರದ ಸೀಟು

ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಹೋದ ವಾರ ಶ್ರೀರಂಗಪಟ್ಟಣದಲ್ಲಿ ಮೀಟಿಂಗ್ ಮುಗಿಯೋದು ತಡವಾಯ್ತು. ಕೆ.ಆರ್.ಪೇಟೆಗೆ ಬಸ್ ಸಿಗಲಿಲ್ಲ ಅಂತ ಪಾಂಡವಪುರದ ಅಕ್ಕನ ಮನೆಗೆ ಹೋದೆ. ಅಪ್ಪನೂ ಅಲ್ಲೇ ಇದ್ದರು. ಅಕ್ಕನ ಮಗ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಮುಂದೆ ಕಾರ್ ಗೇಮ್ ಹಾಕ್ಕೊಂಡು ಕೂತಿದ್ದ. ನನಗೆ ರೇಗಿತು. "ಪರೀಕ್ಷೆ ಹತ್ರ ಬಂತು, ಏನ್ಲಾ ಇದು?" ಅಂದೆ.

"ಆಡ್ತಿಲ್ಲ ಮಾವ, ಕಾರು ರೆಡಿ ಮಾಡ್ತಾ ಇವ್ನಿ" ಅಂದ.

ಗೇಮಿನ ಹೆಸರು ಅಸೆಟೊ ಕೋರ್ಸಾ. ಇಟಲಿಯ ಕುನೋಸ್ ಕಂಪನಿ 2014ರಲ್ಲಿ ಪೂರ್ತಿಯಾಗಿ ಬಿಡುಗಡೆ ಮಾಡಿದ್ದು. ಅವರು ಕೊಟ್ಟ ಕಾರುಗಳನ್ನಷ್ಟೇ ಓಡಿಸಬೇಕು ಅಂತೇನಿಲ್ಲ, ನಮ್ಮ ಕಾರನ್ನ ನಾವೇ ಮಾಡಿ ಒಳಗೆ ಸೇರಿಸಬಹುದು. ಇವನು ಬ್ಲೆಂಡರ್‌ನಲ್ಲಿ ಮಾಡಿದ್ದು ಅಂಬಾಸಿಡರ್. ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅದರ ತಯಾರಿಕೆ ನಿಂತಿದ್ದೂ 2014ರಲ್ಲೇ. ಯಾಕೆ ಅದೇ ಕಾರು ಅಂದ್ರೆ, ಅವನ ತಾತ ತೊಳೀತಿದ್ದ ಕಾರು ಅದು.

ಅಪ್ಪ ನಾಗಮಂಗಲದ ಕಡೆ ಒಂದು ದೊಡ್ಡಮನೆಯಲ್ಲಿ ಜೀತಕ್ಕಿದ್ದರು. ಕೊಟ್ಟಿಗೆ ಕೆಲಸದ ಜೊತೆ ಕಾರು ತೊಳೆಯೋದೂ ಅವರದೇ.

ಗೇಮಿನಲ್ಲಿ ಹುಡುಗನ ಕಾರು ಕೆಸರಿಗೆ ಇಳಿದ ಗಾಡಿ ಥರ ರಸ್ತೆಯೊಳಗೆ ಹೂತಿತ್ತು. ಅವನು ಬರೆದ ಚಕ್ರ ದೊಡ್ಡದು, ಟೈರಿನ ಫೈಲಲ್ಲಿ ಇದ್ದ ಅಳತೆ ಚಿಕ್ಕದು. ಅದನ್ನು ಸರಿಮಾಡಿದ. ಆಮೇಲೆ ಬಾಡಿ ಚಕ್ರಕ್ಕೆ ಕೂರಲಿಲ್ಲ. ಕಾರಿನ ಫೈಲಲ್ಲಿ ಒಂದು ಅಂಕಿ ಇರುತ್ತೆ, ಲೆಕ್ಕ ಮೀಟರಿನಲ್ಲಿ. 0.04 ಹೆಚ್ಚಿಸಿದರೆ ಬಾಡಿ ನಾಲ್ಕು ಸೆಂಟಿಮೀಟರ್ ಮೇಲೇಳುತ್ತೆ. ಬದಲಾಯಿಸೋದು, ಸೇವ್ ಮಾಡೋದು, ಮತ್ತೆ ಲೋಡ್ ಮಾಡಿ ನೋಡೋದು. ರಾತ್ರಿಯೆಲ್ಲ ಇದೇ ಕೆಲಸ.

ಅಪ್ಪ ಕನ್ನಡಕ ಹಾಕ್ಕೊಂಡು ಪಕ್ಕಕ್ಕೆ ಬಂದರು. "ಹಿಂದ್ಗಡೆ ಇನ್ನೊಸಿ ತಗ್ಸು ಮಗ. ನಾಕು ಜನ ಕೂತ್ರೆ ಕಮಾನು ಪಟ್ಟಿ ಕುಗ್ಗೋದು" ಅಂದರು. ಹುಡುಗ ತಗ್ಗಿಸಿದ. ಮಡ್‌ಗಾರ್ಡಿನ ಉಬ್ಬು, ಬಂಪರಿನ ಎತ್ತರ, ಒಂದೊಂದನ್ನೂ ಅಪ್ಪ ಕೈಯಲ್ಲೇ ಅಳೆದು ಹೇಳಿದರು. ಕೆಳಗೆ ತೂರಿ ಕೆಸರು ಕೆರೆದ ಕೈ ಅದು, ಮರೆತಿರಲಿಲ್ಲ.

ಕೊನೆಗೆ ಹುಡುಗ ಕೇಳಿದ: "ತಾತ, ಡ್ರೈವರ್ ಸೀಟಲ್ಲಿ ಕೂತ್ರೆ ಬಾನೆಟ್ ಎಷ್ಟು ಕಾಣ್ತದೆ?"

ಅಪ್ಪ ಸುಮ್ಮನಾದರು. ಆಮೇಲೆ, "ಒಳ್ಗಡೆ ಕೂತಿಲ್ಲ ಕಣ್ ಮಗ. ಒಳ್ಗಡೆ ಒರ್ಸಕ್ಕೆ ಬೇರೆ ಆಳಿದ್ದ. ನಾನು ಕಿಟ್ಕೀಲಿ ನೋಡಿರದು ಅಷ್ಟೇಯ" ಅಂದರು.

ಅಷ್ಟು ವರ್ಷ ಮುಟ್ಟಿ ತೊಳೆದ ಕಾರು. ಒಳಗೆ ಕೂತರೆ ಮೈಲಿಗೆ. ಇದನ್ನು ಅಪ್ಪ ನನಗೂ ಹೇಳಿರಲಿಲ್ಲ. ವೇದಿಕೆ ಮೇಲೆ ಭಾಷಣ ಮಾಡೋ ನಾನೂ ಕೇಳಿರಲಿಲ್ಲ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿರೋದು ನೆನಪಾಯ್ತು. 1929ರಲ್ಲಿ ಚಾಳೀಸ್‌ಗಾಂವ್‌ನಲ್ಲಿ ಟಾಂಗಾದವರು ಅಸ್ಪೃಶ್ಯನನ್ನು ಕೂರಿಸಿಕೊಂಡು ಓಡಿಸಲ್ಲ ಅಂದುಬಿಟ್ಟರು. ಟಾಂಗಾ ಬಾಡಿಗೆಗೆ ಸಿಕ್ಕಿತು, ಓಡಿಸೋನು ಸಿಗಲಿಲ್ಲ. ಓಡಿಸಿ ಗೊತ್ತಿಲ್ಲದ ನಮ್ಮವನೇ ಒಬ್ಬ ಲಗಾಮು ಹಿಡಿದ. ಅಪಘಾತವಾಗಿ ಬಾಬಾಸಾಹೇಬರ ಕಾಲು ಮುರೀತು.

ಹುಡುಗ ಏನೂ ಮಾತಾಡಲಿಲ್ಲ. ಕಾರಿನ ಫೈಲಲ್ಲಿ 'ಡ್ರೈವರ್ ಐಸ್' ಅಂತ ಒಂದು ಸಾಲಿದೆ. ಓಡಿಸೋನ ಕಣ್ಣು ಕಾರಿನೊಳಗೆ ಎಲ್ಲಿರಬೇಕು ಅನ್ನೋದಕ್ಕೆ ಮೂರು ಅಂಕಿ: ಪಕ್ಕಕ್ಕೆ ಎಷ್ಟು, ಎತ್ತರ ಎಷ್ಟು, ಹಿಂದೆ ಮುಂದೆ ಎಷ್ಟು. ಇವನು ಫೈಲು ಎತ್ಕೊಂಡಿದ್ದು ಎಡಗಡೆ ಸ್ಟೇರಿಂಗ್ ಇರೋ ಕಾರಿಂದು. ಮೊದಲ ಅಂಕಿಯ ಚಿಹ್ನೆ ಬದಲಾಯಿಸಿದ, ಕಣ್ಣು ಬಲಕ್ಕೆ ಬಂತು. ಅಪ್ಪನ್ನ ಕುರ್ಚಿಯಲ್ಲಿ ಕೂರಿಸಿ, ನೆಲದಿಂದ ಕಣ್ಣಿನ ತನಕ ಟೇಪು ಹಿಡಿದು ಅಂದಾಜು ಮಾಡಿ ಎರಡನೇ ಅಂಕಿ ಹಾಕಿದ.

ಲೋಡ್ ಆಯ್ತು. ದೊಡ್ಡ ಸ್ಟೇರಿಂಗ್, ಅದರ ಪಕ್ಕದಲ್ಲೇ ಗೇರ್ ಹಿಡಿ, ಮುಂದೆ ದುಂಡನೆ ಬಾನೆಟ್ಟು. ಅಪ್ಪ ತುಂಬ ಹೊತ್ತು ನೋಡಿದರು.

"ಇಲ್ಲಿಂದ ಹಿಂಗ್ ಕಾಣದಾ?" ಅಂದರು. ಆಮೇಲೆ, "ಒಸಿ ಮುಂದಕ್ಕೆ ಬುಡ್ಲಾ" ಅಂದರು.

ಇದನ್ನು ಗೆಲುವು ಅಂತ ನಾನು ಹೇಳಲ್ಲ. ಕಂಪ್ಯೂಟರ್ ಆಫ್ ಮಾಡಿದರೆ ಆ ಕಾರು ಇಲ್ಲ, ಜೀತದ ವರ್ಷಗಳಂತೂ ವಾಪಸ್ ಬರಲ್ಲ. ನಾನು ಕೇಳಿಕೊಳ್ಳೋದು ಇಷ್ಟೇ: ಮನೆ ಮಕ್ಕಳು ಗೇಮ್ ಮುಂದೆ ಕೂತಿದ್ದರೆ ಬಯ್ಯೋಕೆ ಮುಂಚೆ ಏನು ಮಾಡ್ತಿದಾರೆ ಅಂತ ಒಂದ್ಸಲ ಪಕ್ಕದಲ್ಲಿ ಕೂತು ನೋಡಿ. ಮನೆ ಹಿರಿಯರನ್ನೂ ಕರ್ಕೊಂಡು ಕೂತ್ಕೊಳ್ಳಿ.

ಜೈಭೀಮ್.