ಪ್ರಾಗ್ ನಗರದ ಗುಂಡಿನ ಕಲೆಗಳು

ಪ್ರಾಗ್ ನಗರದ ವೆನ್ಸೆಸ್ಲಾಸ್ ಚೌಕದ ನೆತ್ತಿಯಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಮುಂಭಾಗದಲ್ಲಿ ಗುಂಡಿನ ಕಲೆಗಳನ್ನು ಕಂಡು ನಾವು ನಿಂತೆವು. ದುಬ್ಚೆಕ್ ಅವರು ಪತ್ರಿಕೆಗಳ ಬಾಯಿಗೆ ಹಾಕಿದ್ದ ಬೀಗವನ್ನು ತೆಗೆದುದು ನೆರೆಯ ಸೋವಿಯತ್ ಒಕ್ಕೂಟಕ್ಕೆ ಸಹನೆಯಾಗಲಿಲ್ಲ. ಆ ಗಾಳಿ ತನ್ನ ಅಂಗಳಕ್ಕೂ ಬೀಸೀತೆಂಬ ಅಂಜಿಕೆ. 1968ರ ಆಗಸ್ಟ್ 20ರ ರಾತ್ರಿ ವಾರ್ಸಾ ಕೂಟದ ಸೇನೆಗಳು ಗಡಿ ದಾಟಿದವು. ನಿರಾಯುಧ ಜನ ಮಾಡಿದ್ದೇನು? ಟ್ಯಾಂಕುಗಳು ದಾರಿ ತಪ್ಪಲೆಂದು ಕೈಕಂಬಗಳನ್ನು ಕಿತ್ತರು, ಊರ ಹೆಸರುಗಳನ್ನು ಅಳಿಸಿದರು. ಊರ ಹೆಸರು ಫಲಕದ ಮೇಲೆ ಕನ್ನಡದಲ್ಲಿ ಉಳಿಯಲೆಂದು ಹೆಣಗುವ ಗಡಿನಾಡಿನ ನಮಗೆ, ತಮ್ಮೂರ ಹೆಸರನ್ನು ತಾವೇ ಅಳಿಸಿದವರ ಸಂಕಟ ಎದೆಗೆ ತಾಕಿತು. 1969ರ ಏಪ್ರಿಲಿನಲ್ಲಿ ದುಬ್ಚೆಕ್ ಪದವಿ ಕಳೆದುಕೊಂಡರು; ಪತ್ರಿಕೆಗಳಿಗೆ ಮತ್ತೆ ಬೀಗ ಬಿತ್ತು. ಸೋವಿಯತ್ ಸೇನೆಯ ಕೊನೆಯ ತುಕಡಿ ಹೊರಟುಹೋದದ್ದು 1991ರಲ್ಲಿ. ಈಚೆಗೆ ಕಟ್ಟಡದ ಜೀರ್ಣೋದ್ಧಾರವಾದಾಗಲೂ ಆ ಕಲೆಗಳನ್ನು ಬೇಕೆಂದೇ ಉಳಿಸಿದ್ದಾರೆ.